ಕುರುವಾಯಿ: ಒಂದೇ ಹೆಸರು, ನೂರಾರು ದ್ವೀಪ

ತೆಂಗಿನ ಮರದ ಕೆಳಗೆ ನಿಂತು ತಲೆ ಎತ್ತಿ ನೋಡಿ. ಗರಿಯ ತುದಿ ಕತ್ತರಿ ಹಾಕಿದಂತೆ ಎರಡೂ ಬದಿ ಒಂದೇ ಅಳತೆಗೆ ತುಂಡಾಗಿದೆಯೇ? ಹಾಗಿದ್ದರೆ ಆ ಗಾಯ ಇವತ್ತಿನದಲ್ಲ. ಗರಿ ಇನ್ನೂ ಸುಳಿಯೊಳಗೆ ಮಡಚಿಕೊಂಡಿದ್ದಾಗಲೇ ಒಂದು ದುಂಬಿ ಅದನ್ನು ಅಡ್ಡಲಾಗಿ ಕೊರೆದಿತ್ತು. ಮಡಚಿದ ಕಾಗದ ಕತ್ತರಿಸಿ ಬಿಡಿಸಿದ ಹಾಗೆ, ಗರಿ ಬಿಚ್ಚಿಕೊಂಡ ಮೇಲೆ ಆ ಗಾಯ ಹೊರಗೆ ಕಂಡಿತು. ಈ ದುಂಬಿ ನಾರನ್ನು ನುಂಗುವುದಿಲ್ಲ. ಜಗಿದು ರಸ ಹೀರಿ, ಉಳಿದ ಚರಟವನ್ನು ತೂತಿನ ಬಾಯಿಗೆ ತಳ್ಳುತ್ತದೆ. ಆ ಒದ್ದೆ ನಾರು ಕಂಡಲ್ಲಿ ಕಬ್ಬಿಣದ ಕೊಕ್ಕೆ ಇಳಿಸಿ ಹುಳುವನ್ನು ಎಳೆದು ತೆಗೆಯುವುದು ತೋಟದವರ ಹಳೆಯ ಪದ್ಧತಿ.

ನಮ್ಮ ಕರಾವಳಿಯಲ್ಲಿ ಇದು ಕುರುವಾಯಿ. ಕೃಷಿ ಕರಪತ್ರಗಳಲ್ಲಿ ರೈನೋಸಿರಸ್ ದುಂಬಿ. ಮೂಗಿನ ಮೇಲೆ ಹಿಂದಕ್ಕೆ ಬಾಗಿದ ಒಂಟಿ ಕೊಂಬು; ಗಂಡಿಗೆ ಉದ್ದ, ಹೆಣ್ಣಿಗೆ ಗಿಡ್ಡ. ಕೊಂಬು ನೋಡಿ ಅನುಮಾನ ಬಂದರೆ ತಿರುಗಿಸಿ ಹಿಡಿಯಿರಿ: ಹೊಟ್ಟೆಯ ತುದಿಯಲ್ಲಿ ಕೆಂಚು ಕೂದಲಿನ ಕುಚ್ಚು ಇದ್ದರೆ ಅದು ಹೆಣ್ಣು.

1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ ತನ್ನ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ 10ನೇ ಆವೃತ್ತಿಯಲ್ಲಿ ಇದಕ್ಕೆ ಹೆಸರಿಟ್ಟ: ಸ್ಕಾರಬಿಯಸ್ ರೈನೋಸಿರಸ್. ನಮ್ಮ ಘೇಂಡಾಮೃಗಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದೂ ಅದೇ ಪುಸ್ತಕದಲ್ಲಿ. ಯುರೋಪಿನ ಕೊಂಬಿನ ದುಂಬಿಗೂ ಅಲ್ಲೇ ನಾಸಿಕಾರ್ನಿಸ್ ಎಂಬ ಹೆಸರು ಬಂತು. ಆಗ ಸ್ಕಾರಬಿಯಸ್ ಎಂದರೆ ತುಂಬಿದ ಸಂತೆ. ಸಗಣಿ ಉರುಳಿಸುವ ಹುಳುಗಳೂ ಅದರಲ್ಲೇ ಇದ್ದವು. 1798ರಲ್ಲಿ ಕೊಂಬಿನ ಗುಂಪನ್ನು ಬೇರೆ ಮಾಡಿ ಒರಿಕ್ಟಿಸ್ ಎಂದು ಕರೆದರು. ಗ್ರೀಕಿನಲ್ಲಿ ಅಗೆಯುವವನು ಎಂದರ್ಥ. ಈ ಹುಳುವಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಹೀಗೆ ಅದು ಒರಿಕ್ಟಿಸ್ ರೈನೋಸಿರಸ್ ಆಯಿತು.

ಮೂಲ ನೆಲೆ ದಕ್ಷಿಣ ಮತ್ತು ಆಗ್ನೇಯ ಏಷ್ಯಾ: ಭಾರತ, ಶ್ರೀಲಂಕಾದಿಂದ ಫಿಲಿಪ್ಪೀನ್ಸ್‌ವರೆಗೆ. ಆಫ್ರಿಕಾದ ತೆಂಗಿನ ತೋಟಗಳಿಗೆ ಕಾಟ ಕೊಡುವುದು ಇದರ ದಾಯಾದಿ ಮಾನೊಸಿರಸ್. ಪೆಸಿಫಿಕ್ ದ್ವೀಪಗಳಲ್ಲಿ ತೆಂಗು ಬೇಕಾದಷ್ಟಿತ್ತು, ಕುರುವಾಯಿ ಇರಲಿಲ್ಲ.

1909ರ ಸುಮಾರಿಗೆ ಶ್ರೀಲಂಕಾದಿಂದ ಹೋದ ರಬ್ಬರ್ ಸಸಿಗಳ ಜೊತೆ ಹುಳು ಸಮೋವಾಕ್ಕೆ ಇಳಿಯಿತು. ಆಗ ಅಲ್ಲಿ ಜರ್ಮನರ ಆಳ್ವಿಕೆ. ಕೊಬ್ಬರಿಯೇ ದ್ವೀಪದ ಬದುಕು. ಜನ ಕೊಳೆತ ಕಾಂಡಗಳನ್ನು ಒಡೆದು ಹುಳು ಹೆಕ್ಕಲೇಬೇಕು ಎಂಬ ಕಾನೂನು ಬಂತು. ಹೆಕ್ಕಿದರು, ಆದರೂ ಮುಗಿಯಲಿಲ್ಲ. ಹೇಗೆ ಮುಗಿದೀತು? ಮೊಟ್ಟೆ ಇಡುವುದು ಕೊಳೆತ ಮರದಲ್ಲಿ, ಗೊಬ್ಬರದ ಗುಂಡಿಯಲ್ಲಿ. ಬಿಳಿ ಗೊಣ್ಣೆಹುಳು ಬಿಲ್ಲಿನಂತೆ ಬಾಗಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಸತ್ತ ಪ್ರತಿ ತೆಂಗೂ ಮುಂದಿನ ಸಂತಾನಕ್ಕೆ ತೊಟ್ಟಿಲು.

ಎರಡನೇ ಮಹಾಯುದ್ಧ ಹುಳುವಿನ ಹಂಚಿಕೆಯ ನಕ್ಷೆಯನ್ನು ಇನ್ನೂ ಹಿಗ್ಗಿಸಿತು. 1942ರ ಹೊತ್ತಿಗೆ ಹುಳು ಪಲಾವ್ ತಲುಪಿ, ಹತ್ತೇ ವರ್ಷದಲ್ಲಿ ಅಲ್ಲಿನ ಸುಮಾರು ಅರ್ಧದಷ್ಟು ತೆಂಗು ಸತ್ತವು. 1953ರಲ್ಲಿ ಫಿಜಿಯ ಸರದಿ. ದುಂಬಿಗೆ ರೆಕ್ಕೆಯಿದೆ, ನಿಜ. ಆದರೆ ಸಾಗರ ದಾಟಿಸಿದ್ದು ಮನುಷ್ಯರ ಹಡಗು ಮತ್ತು ಸರಕು. ಹಂಚಿಕೆಯ ನಕ್ಷೆ ಎಂದು ನಾವು ಬರೆಯುವುದು ಬಹುಪಾಲು ನಮ್ಮದೇ ಓಡಾಟದ ನಕ್ಷೆ.

ಮದ್ದು ಸಿಕ್ಕಿದ್ದು ಹುಳುವಿನ ತವರಿನಲ್ಲೇ. ಜರ್ಮನಿಯ ಅಲೋಯಿಸ್ ಹ್ಯೂಗರ್ 1963ರಲ್ಲಿ ಮಲೇಷ್ಯಾದಲ್ಲಿ ಕಾಯಿಲೆ ಬಿದ್ದ ಹುಳುಗಳನ್ನು ಹುಡುಕುತ್ತಾ ಹೋಗಿ ಒಂದು ವೈರಸ್ ಪತ್ತೆ ಮಾಡಿದರು. 1967ರಲ್ಲಿ ಅದನ್ನು ಸಮೋವಾದಲ್ಲಿ ಬಿಟ್ಟರು. ಸೋಂಕು ತಗಲಿದ ದುಂಬಿ ತಕ್ಷಣ ಸಾಯುವುದಿಲ್ಲ. ಮರದಿಂದ ಮರಕ್ಕೆ ಹಾರುತ್ತಾ ಮಲದ ಮೂಲಕ ವೈರಸ್ ಹರಡುತ್ತದೆ, ಮೊಟ್ಟೆ ಇಡುವುದು ಕುಸಿಯುತ್ತದೆ. ಔಷಧಿ ಹೊತ್ತು ಮನೆಮನೆಗೆ ತಿರುಗುವ ಕೆಲಸವನ್ನು ಕಾಯಿಲೆಯ ಹುಳುವೇ ಮಾಡಿತು! ಕೀಟ ನಿಯಂತ್ರಣದ ಚರಿತ್ರೆಯಲ್ಲಿ ನನಗೆ ಇಷ್ಟು ಮೆಚ್ಚುಗೆಯಾದ ಉಪಾಯ ಇನ್ನೊಂದಿಲ್ಲ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಇದೇ ವೈರಸ್ ಬಿಟ್ಟರು.

ದಶಕಗಳ ಕಾಲ ಹುಳು ಹೊಸ ದ್ವೀಪಗಳಿಗೆ ಹೋಗಲಿಲ್ಲ. ಆಮೇಲೆ 2007ರಲ್ಲಿ ಗುವಾಮ್‌ನಲ್ಲಿ ಕಾಣಿಸಿಕೊಂಡಿತು. 2013ರಲ್ಲಿ ಹವಾಯಿ, 2015ರಲ್ಲಿ ಸಾಲೊಮನ್ ದ್ವೀಪಗಳ ರಾಜಧಾನಿ ಹೊನಿಯಾರಾ. ಗುವಾಮ್‌ನಲ್ಲಿ ವೈರಸ್ ಬಿಟ್ಟು ನೋಡಿದರು, ಅದು ನಾಟಲಿಲ್ಲ.

ಇಲ್ಲಿ ವರ್ಗೀಕರಣದ ಕತೆ ಮತ್ತೆ ಬಿಚ್ಚಿಕೊಂಡಿತು. ಕೊಂಬು ಅದೇ, ಬಣ್ಣ ಅದೇ, ಕುಚ್ಚೂ ಅದೇ. ಆದರೆ ಜೀನ್ ಓದಿದಾಗ ಗುವಾಮ್ ದುಂಬಿ ಬೇರೆ ಕವಲಿನದೆಂದು 2017ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಲಿನ್ನೇಯಸ್ ಒಂದು ಎಂದು ಬರೆದದ್ದರೊಳಗೆ ಕಣ್ಣಿಗೆ ಕಾಣದ ಕವಲುಗಳಿದ್ದವು. ನಂತರದ ಅಧ್ಯಯನಗಳಲ್ಲಿ ಇನ್ನೊಂದು ತೊಡಕು: ಅದೇ ಕವಲಿನ ಕೆಲವು ದುಂಬಿಗಳಲ್ಲೂ ವೈರಸ್ ಸಿಕ್ಕಿತು. ಅಂದರೆ ಜೀನಿನ ಗುರುತೊಂದನ್ನೇ ನೋಡಿ ಹುಳು ವೈರಸ್ಸಿಗೆ ಬಗ್ಗುತ್ತದೋ ಇಲ್ಲವೋ ಹೇಳುವಂತಿಲ್ಲ.

ಆದ್ದರಿಂದ ಈಗ ದ್ವೀಪವೊಂದರಲ್ಲಿ ಹೊಸದಾಗಿ ಕುರುವಾಯಿ ಸಿಕ್ಕರೆ ಅದರ ಕೊಂಬನ್ನು ಅಳೆದು ಮುಗಿಸುವುದಿಲ್ಲ. ಕಾಲಿನ ತುಣುಕೊಂದನ್ನು ಜೀನ್ ಪರೀಕ್ಷೆಗೆ ತೆಗೆದಿಡುತ್ತಾರೆ, ಕರುಳನ್ನು ಬಿಡಿಸಿ ವೈರಸ್ ಇದೆಯೇ ಎಂದು ಹುಡುಕುತ್ತಾರೆ.