ಹಳೆಯ ಜೀಪಿನ ಎರಡನೇ ಪೆಟ್ಟಿಗೆ

ಮಕ್ಕಳೇ, ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆ ಸ್ಟೇಷನ್ ಹತ್ತಿರವೋ ಹಳೆಯ ಜೀಪೊಂದು ನಿಂತಿರುವುದು ಕಂಡರೆ ಅದರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಸ್ವಲ್ಪ ಬಗ್ಗಿ ನೋಡಿ. ಗಾಡಿಯ ಅಡಿಗೆ ಮಾತ್ರ ನುಸುಳಬೇಡಿ, ದೂರದಿಂದಲೇ ಚೆನ್ನಾಗಿ ಕಾಣುತ್ತದೆ. ಈ ಚಕ್ರದಿಂದ ಆ ಚಕ್ರದವರೆಗೆ ದಪ್ಪ ಕಬ್ಬಿಣದ ಕೊಳವೆ ಹೋಗಿರುತ್ತದೆ. ಅದೇ ಆಕ್ಸಲ್. ಅದರಲ್ಲಿ ಒಂದು ಕಡೆ ಗುಂಡಗೆ ಉಬ್ಬಿದ ಭಾಗವಿದೆ. ಸಾಮಾನ್ಯ ಲಾರಿಯಲ್ಲಿ ಆ ಉಬ್ಬು ಹೆಚ್ಚುಕಡಿಮೆ ನಟ್ಟನಡುವೆ ಇರುತ್ತದೆ. ಹಳೆಯ ಜೀಪಿನಲ್ಲಿ ಹಾಗಿಲ್ಲ, ಬಲಕ್ಕೆ ಸರಿದಿದೆ. ಮುಂದೆ ಹೋಗಿ ನೋಡಿದರೆ ಅಲ್ಲಿಯ ಆಕ್ಸಲ್‌ನಲ್ಲೂ ಅದೇ ಪಕ್ಕಕ್ಕೆ ಸರಿದಿದೆ.

ಇದು ತಯಾರಿಸುವಾಗ ಆದ ಎಡವಟ್ಟಲ್ಲ. ಗಾಡಿಯ ನಡುಮಧ್ಯೆ ಬಚ್ಚಿಟ್ಟುಕೊಂಡಿರುವ ಒಂದು ಪೆಟ್ಟಿಗೆ ಯಾವುದು ಎಂದು ಹೇಳುವ ಸುಳಿವು. ಆ ಪೆಟ್ಟಿಗೆಯ ಹೆಸರು ಟ್ರಾನ್ಸ್‌ಫರ್ ಕೇಸ್.

ಲಾರಿಯಲ್ಲಿ ಎಂಜಿನ್ನಿನ ತಿರುಗುವಿಕೆ ಗೇರ್‌ಬಾಕ್ಸ್‌ಗೆ ಹೋಗುತ್ತದೆ. ಅಲ್ಲಿಂದ ಉದ್ದನೆಯ ಶಾಫ್ಟ್ ಮೂಲಕ ಹಿಂದಿನ ಚಕ್ರಗಳಿಗೆ. ನಾಲ್ಕೂ ಚಕ್ರ ಎಳೆಯಬೇಕೆಂದರೆ ಮುಂದಕ್ಕೂ ಒಂದು ಶಾಫ್ಟ್ ಬೇಕಲ್ಲವೇ? ಅದಕ್ಕಾಗಿ ಗೇರ್‌ಬಾಕ್ಸ್‌ನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಕೂರಿಸಿದರು. ಒಂದು ಕಡೆಯಿಂದ ಬಂದ ತಿರುಗುವಿಕೆಯನ್ನು ಅದು ಹಿಂದಕ್ಕೂ ಮುಂದಕ್ಕೂ ಹಂಚುತ್ತದೆ. ಮುಂದಕ್ಕೆ ಹೋಗುವ ಶಾಫ್ಟ್‌ಗೆ ಎಂಜಿನ್ನೇ ಅಡ್ಡ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬಿದ ತೊಟ್ಟಿ ಬೇರೆ ಇದೆ. ಆದ್ದರಿಂದ ಶಾಫ್ಟನ್ನು ಪಕ್ಕಕ್ಕೆ ಸರಿಸಿ ಒಯ್ದರು. ಜೀಪಿನ ಪೆಟ್ಟಿಗೆಯಲ್ಲಿ ಹಿಂದಿನ ಶಾಫ್ಟೂ ಮುಂದಿನ ಶಾಫ್ಟೂ ಒಂದೇ ಸಾಲಿನಲ್ಲಿ ಹೊರಬರುವುದರಿಂದ ಎರಡು ಆಕ್ಸಲ್‌ಗಳ ಉಬ್ಬೂ ಒಂದೇ ಪಕ್ಕದಲ್ಲಿವೆ.

ಈ ಪೆಟ್ಟಿಗೆಯನ್ನು ಸ್ಪೈಸರ್ 18 ಎನ್ನುತ್ತಾರೆ. 1941ರಲ್ಲಿ ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನಲ್ಲಿ ಬಂದದ್ದು, ಅಮೆರಿಕದ ಜೀಪುಗಳಲ್ಲಿ 1971ರವರೆಗೂ ಉಳಿಯಿತು. 1972ರಿಂದ ಅಲ್ಲಿಯ ಸಿಜೆ ಸಾಲಿನ ಜೀಪುಗಳಿಗೆ ಡಾನಾ 20 ಎಂಬ ಪೆಟ್ಟಿಗೆ ಬಂತು. ಅದರಲ್ಲಿ ಹಿಂದಿನ ಶಾಫ್ಟ್ ನಡುವಿನಿಂದಲೇ ಹೊರಡುತ್ತದೆ, ಹಿಂದಿನ ಉಬ್ಬೂ ನಡುವಿಗೆ ಬಂತು. ನೋಡಿ, ಒಂದು ನಟ್ಟನ್ನೂ ಬಿಚ್ಚದೆ ಎರಡು ಪೆಟ್ಟಿಗೆಗಳನ್ನು ಬೇರೆ ಬೇರೆ ಎಂದು ಹೇಳಿಬಿಟ್ಟೆವು!

ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು 1947ರಿಂದ ಜೋಡಿಸಿದ್ದು ಮಹೀಂದ್ರ. ಬಾನೆಟ್ ಎತ್ತರವಾಗಿರುವ ಸಿಜೆ3ಬಿ ಮಾದರಿಯನ್ನು ನೀವು ಹಳೆಯ ಸಿನಿಮಾಗಳಲ್ಲಿ ನೋಡಿರುತ್ತೀರಿ. ಹೊಸ ಎಂಜಿನ್ ಮೊದಲಿನದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು.

ಕೋಲಾರ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಇಂಥ ಗಾಡಿ ಏಕೆ ಬೇಕು ಎಂದು ತಿಳಿಯಲು ಊರ ಸುತ್ತಲಿನ ಬೂದು ಬಣ್ಣದ ಸೈನೈಡ್ ದಿಬ್ಬಗಳನ್ನು ನೋಡಿದರೆ ಸಾಕು. 1880ರಿಂದ 2001ರ ಫೆಬ್ರವರಿ 28ರವರೆಗೆ ಇಲ್ಲಿ ದೊಡ್ಡ ಮಟ್ಟದಲ್ಲಿ ಗಣಿಗಾರಿಕೆ ನಡೆಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಮೇಲೆ ತಂದ ಕಲ್ಲನ್ನು ನುಣ್ಣಗೆ ಅರೆದು, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಅಲ್ಲೇ ಸುರಿದರು. ಅದೇ ಆ ದಿಬ್ಬಗಳು. ಅಂಥ ಸಡಿಲ ಪುಡಿಯಲ್ಲಿ ಹಿಂದಿನ ಎರಡೇ ಚಕ್ರ ತಿರುಗಿದರೆ ಅವು ಗುಂಡಿ ತೋಡಿಕೊಂಡು ಹೂತುಹೋಗುತ್ತವೆ. ಮುಂದಿನ ಎರಡೂ ಎಳೆದರೆ ಒಂದೊಂದು ಚಕ್ರ ನೆಲವನ್ನು ತಳ್ಳಬೇಕಾದ ಬಲ ಕಡಿಮೆ, ಗಾಡಿ ಮುಂದೆ ಸಾಗುತ್ತದೆ. (ಆ ಪುಡಿ ಉಸಿರಿಗೆ ಒಳ್ಳೆಯದಲ್ಲ. ದಿಬ್ಬದ ಮೇಲೆ ಆಡಲು ಹೋಗಬೇಡಿ.)

ಹಾಗಾದರೆ ಬಂಗಾರಪೇಟೆಯ ಟಾರು ರಸ್ತೆಯಲ್ಲೂ ನಾಲ್ಕು ಚಕ್ರ ಎಳೆಯಲಿ ಎನ್ನುತ್ತೀರಾ? ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಸ್ಪೈಸರ್ 18 ಪೆಟ್ಟಿಗೆಯೋ ಎರಡು ಶಾಫ್ಟ್‌ಗಳನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ. ಮಣ್ಣಿನಲ್ಲಿ ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಗಟ್ಟಿ ಟಾರಿನ ಮೇಲೆ ಜಾರಲು ಆಗದೆ ಟೈರು ಸವೆಯುತ್ತದೆ, ಶಾಫ್ಟ್‌ಗಳು ತಿರುಚಿಕೊಂಡು ಬಿಗಿಯುತ್ತವೆ.

ಈಗ ಡ್ರೈವರ್ ಅಣ್ಣನ ಅನುಮತಿ ಕೇಳಿ ಒಳಗೆ ಇಣುಕಿ. ನೆಲದಿಂದ ಮೂರು ಲಿವರ್ ಎದ್ದಿದ್ದರೆ ಅದು ಎರಡನೇ ಸುಳಿವು. ಉದ್ದನೆಯದು ಗೇರಿಗೆ. ಚಿಕ್ಕವೆರಡರಲ್ಲಿ ಒಂದು ಮುಂದಿನ ಆಕ್ಸಲನ್ನು ಸೇರಿಸಲು, ಇನ್ನೊಂದು ಹೈ ಮತ್ತು ಲೋ ಬದಲಿಸಲು. ಮುಂದಿನ ಆಕ್ಸಲ್ ಸೇರಿಸದೆ ಲೋ ಹಾಕಲು ಹೋದರೆ ಲಿವರ್ ಒಪ್ಪುವುದೇ ಇಲ್ಲ. ಲೋನಲ್ಲಿ ಹುಟ್ಟುವ ಭಾರಿ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೇ ಬಿದ್ದು ಅದು ಮುರಿಯದಿರಲಿ ಎಂದು ಒಳಗೊಂದು ಸಣ್ಣ ತಡೆ ಇಟ್ಟಿದ್ದಾರೆ. ಈ ಯಂತ್ರದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅದೇ.

ಲೋ ಎಂದರೇನು? ಗೇರ್ ಸೈಕಲ್ಲಿನಲ್ಲಿ ಏರು ಹತ್ತುವಾಗ ಹಿಂದೆ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕುತ್ತೀರಿ. ಪೆಡಲ್ ಹೆಚ್ಚು ಸಲ ತುಳಿಯಬೇಕು, ಕಾಲಿಗೆ ಮಾತ್ರ ಹಗುರ. ಇಲ್ಲೂ ಅದೇ ಲೆಕ್ಕ. ಸಿಜೆ3ಬಿ ಜೀಪಿನ ಪೆಟ್ಟಿಗೆಯ ಲೋ ಅನುಪಾತ 2.46. ಅಂದರೆ ಒಳಗೆ ಬರುವ ಶಾಫ್ಟ್ 2.46 ಸುತ್ತು ತಿರುಗಿದಾಗ ಹೊರಗೆ ಹೋಗುವುದು ಒಂದು ಸುತ್ತು. ಒಂದನೇ ಗೇರಿನದು 2.798, ಆಕ್ಸಲ್‌ನದು 5.38. ಮೂರನ್ನೂ ಗುಣಿಸಿ: ಸುಮಾರು 37. ಎಂಜಿನ್ 37 ಸುತ್ತು ಹಾಕಿದಾಗ ಚಕ್ರ ಒಂದೇ ಸುತ್ತು! ವೇಗ ಅಷ್ಟು ಕುಗ್ಗಿತು. ಹಲ್ಲುಗಳ ತಿಕ್ಕಾಟಕ್ಕೆ ಒಂದಿಷ್ಟು ಹೋಗುವುದನ್ನು ಬಿಟ್ಟರೆ ತಿರುಗಿಸುವ ಬಲ ಅಷ್ಟೇ ಪಟ್ಟು ಹೆಚ್ಚಿತು. ಹೂತ ಗಾಡಿ ಮೇಲೆ ಬರುವುದು ಹೀಗೆ.

ಪೆಟ್ಟಿಗೆಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟಿದ್ದರೆ ಮೆಕ್ಯಾನಿಕ್ಕುಗಳು ಇನ್ನೂ ಸೂಕ್ಷ್ಮವಾಗಿ ಗುರುತಿಸುತ್ತಾರೆ. ಒಳಗಿನ ನಡು ಹಲ್ಲುಚಕ್ರವನ್ನು ಹೊತ್ತ ಶಾಫ್ಟ್‌ನ ದಪ್ಪ ಅಳೆಯುತ್ತಾರೆ. ಯುದ್ಧಕಾಲದ ಜೀಪಿನಲ್ಲಿ ಅದು ಬರೀ 19 ಮಿಲಿಮೀಟರ್. ಆಮೇಲೆ ಸುಮಾರು 29, ಕೊನೆಗೆ ಸುಮಾರು 32 ಆಯಿತು. ದಪ್ಪ ಹೆಚ್ಚಿದಷ್ಟೂ ಪೆಟ್ಟಿಗೆ ಈಚಿನದು. ಪೆಟ್ಟಿಗೆಯ ಬೆನ್ನಿಗೆ ಹ್ಯಾಂಡ್‌ಬ್ರೇಕ್ ಇರುವುದೂ ಹಳೆಯ ಜೀಪಿನ ಗುರುತು. ಅದು ಹಿಡಿಯುವುದು ಚಕ್ರವನ್ನಲ್ಲ, ಶಾಫ್ಟನ್ನು.

ಎಲ್ಲ ಗಾಡಿಯೂ ಜೀಪಿನಂತಿಲ್ಲ. ಯುದ್ಧಕಾಲದ ಮುಕ್ಕಾಲು ಟನ್ನಿನ ಡಾಡ್ಜ್ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ. ಎರಡರ ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಆ ಪೆಟ್ಟಿಗೆಯಲ್ಲಿ ಲೋ ಕೂಡ ಇಲ್ಲ.

ಕೆಜಿಎಫ್ ಮಕ್ಕಳಿಗೆ ಹತ್ತಿರದ ಹೆಸರು ಬೆಮೆಲ್. 1964ರಲ್ಲಿ ಹುಟ್ಟಿದ ಈ ಸಂಸ್ಥೆ ಇಲ್ಲಿ ಬುಲ್ಡೋಜರ್ ಮಾಡುತ್ತದೆ. 1986ರಲ್ಲಿ ಚೆಕೊಸ್ಲೊವಾಕಿಯಾದ ಟಾಟ್ರಾ ಜೊತೆ ಒಪ್ಪಂದ ಮಾಡಿಕೊಂಡು ಸೇನೆಗೆ ಟಾಟ್ರಾ ಟ್ರಕ್ಕುಗಳನ್ನೂ ಕೊಟ್ಟಿದೆ. ಆ ಟ್ರಕ್ಕಿನ ಕೆಳಗೆ ಬಗ್ಗಿ ನೋಡಿದರೆ ನಮ್ಮ ಸುಳಿವುಗಳು ಕೈಕೊಡುತ್ತವೆ. ತಿರುಗುವ ಉದ್ದ ಶಾಫ್ಟ್ ಕಾಣುವುದೇ ಇಲ್ಲ. ಹಾನ್ಸ್ ಲೆಡ್ವಿಂಕಾ ಎಂಬ ಎಂಜಿನಿಯರ್ 1923ರಲ್ಲಿ ತಂದ ವಿನ್ಯಾಸದಂತೆ ಗಾಡಿಯ ಉದ್ದಕ್ಕೂ ದಪ್ಪ ಕೊಳವೆಯೊಂದು ಬೆನ್ನೆಲುಬಾಗಿ ನಿಂತಿದೆ. ಶಾಫ್ಟ್ ಅದರೊಳಗೆ ಭದ್ರ. ಕೊಳವೆಯ ಎರಡೂ ಪಕ್ಕದಲ್ಲಿ ಅರ್ಧರ್ಧ ಆಕ್ಸಲ್ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತದೆ. ಆದ್ದರಿಂದ ಖಾಲಿ ಟಾಟ್ರಾದ ಚಕ್ರಗಳು ಬುಡದಲ್ಲಿ ಒಳಕ್ಕೆ ಬಾಗಿರುತ್ತವೆ. ಹೊರೆ ಹೇರಿದಂತೆ ನೆಟ್ಟಗಾಗುತ್ತವೆ. ರಸ್ತೆ ಆಚೆ ನಿಂತೇ ಗುರುತಿಸಬಹುದು.

ಕೊನೆಗೊಂದು ಲೆಕ್ಕ ನಿಮಗೆ. ಯುದ್ಧಕಾಲದ ವಿಲ್ಲೀಸ್ ಎಂಬಿಯಲ್ಲಿ ಒಂದನೇ ಗೇರ್ 2.665, ಲೋ 1.97, ಆಕ್ಸಲ್ 4.88. ಚಕ್ರ ಒಂದು ಸುತ್ತು ಹಾಕಲು ಎಂಜಿನ್ ಎಷ್ಟು ಸುತ್ತಬೇಕು? ಉತ್ತರ 26ರ ಹತ್ತಿರ ಬಂದರೆ ಸರಿ. ಸಿಜೆ3ಬಿಯ 37ರ ಪಕ್ಕ ಇಟ್ಟು, ಇವೆರಡರಲ್ಲಿ ಕಡಿದಾದ ಏರನ್ನು ನಿಧಾನವಾಗಿ, ಸಲೀಸಾಗಿ ಹತ್ತುವುದು ಯಾವುದು ಎಂದು ಗೆಳೆಯರಿಗೆ ಕೇಳಿ.