ದುಡಿಯದ ತಿಂಗಳಲ್ಲಿ ಗಾಲಿಯ ಜೋಪಾನ



ಈ ಹೊತ್ತು ನಾನು ಬೀಜದ ಮಾತು ಆಡುವವನಲ್ಲ, ಗೊಬ್ಬರದ ಮಾತೂ ಆಡುವವನಲ್ಲ. ನಿಮ್ಮ ಅಂಗಳದಲ್ಲಿ ಸುಮ್ಮನೆ ನಿಂತಿರುವ ಒಂದು ವಸ್ತುವಿನ ಮಾತು ಹೇಳಲು ಬಂದಿದ್ದೇನೆ. ಅದು ಗಾಲಿ. ಟಾಯರ ಗಾಡಿಯ ಗಾಲಿ, ಟ್ರ್ಯಾಕ್ಟರಿನ ಗಾಲಿ, ಟ್ರೇಲರಿನ ಗಾಲಿ. "ಗಾಲಿ ಉರುಳುವಾಗ ಸವೀತೈತಿ, ಸುಮ್ನ ನಿಂತರ ಅದಕ್ಕ ಏನ್ ಆಕ್ಕೈತ್ರೀ ಸಾಹೇಬ್ರ?" ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ಒಂದು ಕಾಲಕ್ಕೆ ನಾನೇ ಕೇಳಿದ್ದೆ. ಅದರ ಉತ್ತರಕ್ಕೆ ನಮ್ಮ ಮನೆಯ ಎತ್ತು ದಂಡ ತೆತ್ತಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ವರ್ಷ. ಗೊಬ್ಬರ ಹೇರುವ ಕೆಲಸ ಮುಗಿದು ಕಾರಹುಣ್ಣಿಮೆ ಆಗಿತ್ತು. ನಮ್ಮ ತಂದೆಯವರು ನನ್ನನ್ನು ಕರೆದು, "ತಮ್ಮಾ, ಗಾಡಿ ಎತ್ತಿ ಕಲ್ಲಿನ ಮ್ಯಾಲ ಇಡೋ" ಎಂದರು. ನಾನು ಕಲಿತವನ ಗತ್ತಿನಲ್ಲಿ, "ಅಪ್ಪಾ, ಅದೇನು ಕಟ್ಟಿಗಿ ಗಾಲಿ ಏನು, ಒರಲಿ ಹತ್ತಾಕ? ರಬ್ಬರ ಐತಿ, ಇರಲಿ ಬಿಡು" ಎಂದೆ. ಗಾಡಿ ಹಿತ್ತಲಲ್ಲಿ ಇದ್ದಲ್ಲೇ ನಿಂತಿತು. ಮಳೆ ಹೊಯ್ಯಿತು, ನಡುನಡುವೆ ಬಿಸಿಲು ಬಿತ್ತು. ಗಾಳಿ ಇಳಿದು ಟಾಯರು ನೆಲಕ್ಕೆ ಚಪ್ಪಟೆಯಾಗಿ ಕೂತಿತು. ದೀಪಾವಳಿ ಆದ ಮೇಲೆ ಗಾಳಿ ತುಂಬಿಸಿ ಮೊದಲ ಹೇರು ಭತ್ತದ ಸಿವುಡು ತರಲು ಹೋದೆವು. ಹಳ್ಳದ ಇಳಿಜಾರಿನಲ್ಲಿ ಬಲಗಡೆಯ ಟಾಯರು ಸಿಡಿಯಿತು. ಗಾಡಿ ವಾಲಿತು, ನೊಗ ಒಂದೇ ಕಡೆಗೆ ಎಳೆಯಿತು, ಬಲಗಡೆಯ ಎತ್ತು ಮುಂಗಾಲ ಮಂಡಿಯ ಮೇಲೆ ಕಲ್ಲಿಗೆ ಬಿತ್ತು. ಎರಡು ವಾರ ಅದು ಕೊಟ್ಟಿಗೆಯಲ್ಲೇ ನಿಂತಿತು. ಹೊಲದಲ್ಲಿ ಉಳಿದ ಸಿವುಡುಗಳ ಮೇಲೆ ಒಂದು ಅಡ್ಡಮಳೆ ಆಯಿತು. ತಂದೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಪಶುವೈದ್ಯರು ಕೊಟ್ಟ ಮುಲಾಮನ್ನು ದಿನಾ ಹೊತ್ತಾರೆ ಎತ್ತಿನ ಮಂಡಿಗೆ ತಾವೇ ಹಚ್ಚುತ್ತಿದ್ದರು. ಬೈದಿದ್ದರೆ ಎಷ್ಟೋ ಛಲೋ ಇತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಈಗ ವಿಷಯಕ್ಕೆ ಬರೋಣ.

ಮುಗದ ಸೀಮೆಯಲ್ಲಿ ಮುಂಗಾರಿಗೆ ಭತ್ತವೇ ಮುಖ್ಯ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇರುವುದೂ ಈ ಊರಿನಲ್ಲಿಯೇ. ಇಲ್ಲಿ ಒಣಭೂಮಿಗೆ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿ ಹಿಂದಿನಿಂದ ಬಂದದ್ದು. ಬಿತ್ತಿಗೆ ಮುಗಿಯಿತೆಂದರೆ ಗಾಡಿಗೆ ದೊಡ್ಡ ಕೆಲಸ ಬರುವುದು ಕೊಯ್ಲಿಗೇ. ನಡುವೆ ನಾಲ್ಕೈದು ತಿಂಗಳು ಗಾಲಿಗೆ ಬಿಡುವು. ಆ ಬಿಡುವಿನಲ್ಲಿ ಅದನ್ನು ಹೇಗೆ ಇಟ್ಟಿದ್ದೀರಿ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ.

ನಮ್ಮ ಹಿರಿಯರಿಗೆ ಕಟ್ಟಿಗೆಯ ಗಾಲಿಯ ಜೋಪಾನ ಚೆನ್ನಾಗಿ ಗೊತ್ತಿತ್ತು. ಬೇಸಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಮೇಲಿನ ಕಬ್ಬಿಣದ ಹಳಿ ಸಡಿಲಾಗುತ್ತದೆ. ಆಗ ಚಕ್ಕಡಿಯನ್ನು ಕೆರೆಯ ನೀರಿಗೆ ಇಳಿಸಿ ನಿಲ್ಲಿಸುತ್ತಿದ್ದರು. ಕಟ್ಟಿಗೆ ನೀರು ಕುಡಿದು ಉಬ್ಬಿ ಹಳಿ ಬಿಗಿಯಾಗುತ್ತಿತ್ತು. ಅಂದರೆ ಕಟ್ಟಿಗೆಯ ಗಾಲಿ ನೀರನ್ನು ಬೇಡುತ್ತಿತ್ತು. ರಬ್ಬರಿನ ಗಾಲಿಯ ಸ್ವಭಾವ ಬೇರೆ. ಅದಕ್ಕೆ ನೀರೂ ಬೇಡ, ಬಿಸಿಲೂ ಬೇಡ, ಎಣ್ಣೆಯಂತೂ ಬೇಡವೇ ಬೇಡ. ಹಳೆಯ ಗಾಲಿಯ ರೂಢಿಯಲ್ಲಿ ಹೊಸ ಗಾಲಿಯನ್ನು ಬಯಲಿಗೆ ಬಿಟ್ಟರೆ ಅದು ಕೆಡುತ್ತದೆ. ಆದರೆ ನಮ್ಮ ತಂದೆಯವರು ಹೇಳಿದ ಒಂದು ಮಾತು, ಗಾಡಿಯನ್ನು ಎತ್ತಿ ಕಲ್ಲಿನ ಮೇಲೆ ಇಡುವ ಮಾತು, ಎರಡೂ ಬಗೆಯ ಗಾಲಿಗೆ ಸಲ್ಲುತ್ತದೆ.

ಗಾಳಿ ತುಂಬಿದ ಟಾಯರನ್ನು ಬಳಕೆಗೆ ತಂದವನು ಒಬ್ಬ ದನದ ಡಾಕ್ಟರ ಎಂದರೆ ನಿಮಗೆ ಸೋಜಿಗವಾದೀತು. ಬೆಲ್‌ಫಾಸ್ಟ್ ಪಟ್ಟಣದಲ್ಲಿದ್ದ ಡನ್ಲಪ್ ಎಂಬ ಪಶುವೈದ್ಯನು 1888ರ ಸುಮಾರಿಗೆ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಇಂಥ ಟಾಯರನ್ನು ಮಾಡಿದನು. ಅದೇ ಮುಂದೆ ಎತ್ತಿನ ಗಾಡಿಗೂ ಬಂದು ದನಗಳ ಹೆಗಲಿನ ಭಾರವನ್ನು ಹಗುರ ಮಾಡಿತು.

ಇನ್ನು ರಬ್ಬರು ನಿಂತಲ್ಲೇ ಹೇಗೆ ಕೆಡುತ್ತದೆ ಎಂಬುದನ್ನು ಕೇಳಿರಿ. ಟಾಯರಿನ ರಬ್ಬರಿನಲ್ಲಿ ಒಂದು ತರಹದ ಮೇಣವನ್ನು ಕಲಸಿರುತ್ತಾರೆ. ಗಾಲಿ ಉರುಳುವಾಗ ರಬ್ಬರು ಬಾಗಿ ಬಳುಕಿ, ಆ ಮೇಣ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಂದು ತೆಳ್ಳಗಿನ ಪದರವಾಗಿ ನಿಲ್ಲುತ್ತದೆ. ಗಾಳಿಯಲ್ಲಿರುವ ಓಝೋನ್ ಎಂಬ ಅನಿಲ ರಬ್ಬರನ್ನು ತಿನ್ನದಂತೆ ಈ ಪದರ ಕಾಯುತ್ತದೆ. ಗಾಲಿ ತಿಂಗಳುಗಟ್ಟಲೆ ನಿಂತರೆ ಮೇಣ ಸಾಕಷ್ಟು ಮೇಲೆ ಬರುವುದಿಲ್ಲ. ಅದರ ಮೇಲೆ ಬಿಸಿಲೂ ಬಿದ್ದರೆ ರಬ್ಬರು ಬಿರುಸಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮುಗದದ ಕುಂಬಾರರನ್ನು ನೋಡಿರಿ. ಹಸಿಯ ಗಡಿಗೆಯನ್ನು ಅವರು ಒಮ್ಮೆಲೇ ಬಿಸಿಲಿಗೆ ಇಡುತ್ತಾರೆಯೇ? ನೆರಳಿನಲ್ಲೇ ಒಣಗಿಸುತ್ತಾರೆ, ಇಲ್ಲದಿದ್ದರೆ ಸೀಳುತ್ತದೆಂದು ಬಲ್ಲರು. ಕಾರಣ ಬೇರೆಯಾದರೂ ಟಾಯರಿಗೂ ನೆರಳೇ ಮದ್ದು.

ಈಗ ಮಾಡಬೇಕಾದ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ತೊಳೆಯುವುದು. ಗೊಬ್ಬರ ಹೇರಿದ ಗಾಡಿಯ ಗಾಲಿಯಲ್ಲಿ ಸಗಣಿ, ಯೂರಿಯಾ, ಕೆಸರು ಮೆತ್ತಿರುತ್ತದೆ. ಉಪ್ಪಿನಂಥ ಗೊಬ್ಬರ ಕಬ್ಬಿಣದ ಡಿಸ್ಕನ್ನು ತಿನ್ನುತ್ತದೆ. ಬರಿಯ ನೀರಿನಿಂದ, ಬೇಕಾದರೆ ತುಸು ಸಾಬೂನಿನಿಂದ ತಿಕ್ಕಿ ತೊಳೆದು ನೆರಳಿನಲ್ಲಿ ಪೂರಾ ಒಣಗಿಸಿರಿ. ಹೊಳಪು ಬರಲೆಂದು ಚಿಮಣಿ ಎಣ್ಣೆ, ಡೀಸೆಲ್ಲು, ಸುಟ್ಟ ಆಯಿಲ್ಲು ಹಚ್ಚಬೇಡಿರಿ. ಹಚ್ಚಿದ ದಿನ ಕರ್ರಗೆ ಮಿಂಚುತ್ತದೆ, ಒಳಗೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಗ್ರೀಸು ಅಚ್ಚಿನ ಬೇರಿಂಗಿಗೆ ಮಾತ್ರ ಇರಲಿ.

ಎರಡನೆಯದು, ಭಾರ ಇಳಿಸುವುದು. ಗಾಡಿಯನ್ನಾಗಲಿ ಟ್ರೇಲರನ್ನಾಗಲಿ ಖಾಲಿ ಮಾಡಿ, ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಕಲ್ಲು ಅಥವಾ ಕಟ್ಟಿಗೆಯ ದಿಮ್ಮಿ ಕೊಡಿರಿ. ಗಾಲಿ ನೆಲದಿಂದ ನಾಲ್ಕು ಬೆರಳು ಮೇಲೆ ಇದ್ದರೆ ಸಾಕು. ಎತ್ತುವ ಮೊದಲು ಉಳಿದ ಗಾಲಿಗಳಿಗೆ ಅಡ್ಡಗಲ್ಲು ಇಡಿರಿ. ಬರಿಯ ಜಾಕನ್ನು ನಂಬಿ ಯಾರೂ ಕೆಳಗೆ ತೂರಬಾರದು. ಎತ್ತಿ ಇಡಲು ಆಗದಿದ್ದರೆ ಗಾಳಿಯನ್ನು ಪೂರಾ ಇಟ್ಟು, ತಿಂಗಳಿಗೊಮ್ಮೆ ಗಾಲಿಯನ್ನು ಕಾಲುಸುತ್ತು ಉರುಳಿಸಿ ನಿಲ್ಲಿಸಿರಿ. ಒಂದೇ ಜಾಗದ ಮೇಲೆ ಭಾರ ಬಿದ್ದರೆ ಅಲ್ಲಿ ಒಳಗಿನ ನೂಲು ಮುರಿಯುತ್ತದೆ. ಗಾಳಿ ಇಳಿದು ಚಪ್ಪಟೆಯಾದ ಟಾಯರಿನ ಮೇಲೆ ಗಾಡಿ ನಿಲ್ಲುವುದೇ ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಮನೆಯಲ್ಲಿ ಆದದ್ದು ಅದೇ.

ಮೂರನೆಯದು, ಜಾಗ. ಬಿಚ್ಚಿದ ಗಾಲಿಯನ್ನು ಬಿಸಿಲು ತಾಕದ, ತಂಪಾದ, ಒಣಗಿದ ಕೋಣೆಯಲ್ಲಿ ಹಲಗೆಯ ಮೇಲೆ ಇಡಿರಿ, ಹಸಿ ನೆಲದ ಮೇಲೆ ಬೇಡ. ನೀರೆತ್ತುವ ಮೋಟಾರು, ಬ್ಯಾಟರಿ ಚಾರ್ಜ್ ಮಾಡುವ ಜಾಗ, ವೆಲ್ಡಿಂಗ್ ಮಾಡುವ ಜಾಗ ಇವುಗಳಿಂದ ದೂರವಿರಲಿ. ವಿದ್ಯುತ್ತಿನ ಕಿಡಿಯಿಂದ ಓಝೋನ್ ಹುಟ್ಟುತ್ತದೆ. ಗೊಬ್ಬರದ ಚೀಲ, ಔಷಧದ ಡಬ್ಬಿ, ಡೀಸೆಲ್ಲಿನ ಕ್ಯಾನು ಒತ್ತಿಗೆ ಬೇಡ. ಬಣವಿಯ ಬದಿಗಂತೂ ಬೇಡ. ಹುಲ್ಲಿನಲ್ಲಿ ಇಲಿ ಗೂಡು ಕಟ್ಟುತ್ತದೆ, ಬೆಂಕಿ ಬಿದ್ದರೆ ಟಾಯರಿನ ಬೆಂಕಿ ಸುಲಭಕ್ಕೆ ಆರುವುದಿಲ್ಲ. ಡಿಸ್ಕಿನ ಸಂಗಡ ಇರುವ ಸಣ್ಣ ಗಾಲಿಗಳನ್ನು ಮಲಗಿಸಿ ಒಂದರ ಮೇಲೊಂದು ಇಡಬಹುದು. ಡಿಸ್ಕಿಲ್ಲದ ಬರಿಯ ಟಾಯರನ್ನು ನಿಲ್ಲಿಸಿ ಇಟ್ಟು ಆಗಾಗ ತಿರುಗಿಸಬೇಕು. ಗೂಟಕ್ಕೆ ನೇತು ಹಾಕಿದರೆ ಆಕಾರ ಕೆಡುತ್ತದೆ. ಕೋಣೆ ಇಲ್ಲದವರು ತಾಡಪತ್ರಿ ಹೊದಿಸಿರಿ, ಆದರೆ ಒಳಗೆ ಗಾಳಿ ಆಡುವಂತೆ ಬುಡದಲ್ಲಿ ತೆರವು ಬಿಡಿರಿ. ಯಾವ ಗಾಲಿ ಎಡದ್ದು, ಯಾವುದು ಬಲದ್ದು ಎಂದು ಸುಣ್ಣದ ಗುರುತು ಮಾಡಿರಿ. ನಟ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಅದೇ ಕೋಣೆಯಲ್ಲಿ ಇಟ್ಟರೆ ಕೊಯ್ಲಿನ ದಿನ ಹುಡುಕುವ ಪ್ರಸಂಗ ಬರುವುದಿಲ್ಲ.

ನಾಲ್ಕನೆಯದು ಟ್ರ್ಯಾಕ್ಟರು ಇದ್ದವರಿಗೆ. ಕೆಸರುಗದ್ದೆ ಮಾಡುವ ಕಡೆ ಹಿಂದಿನ ರಬ್ಬರ ಗಾಲಿ ಬಿಚ್ಚಿ ಕಬ್ಬಿಣದ ಪಂಜರದ ಗಾಲಿ ಹಾಕುತ್ತಾರೆ. ಬಿಚ್ಚಿದ ಗಾಲಿಯನ್ನು ಗೋಡೆಗೆ ಆನಿಸಿ ಬಿಡುತ್ತಾರೆ. ಇದು ಬಹಳ ಅಪಾಯದ ರೂಢಿ. ಎಳೆತ ಹೆಚ್ಚಲೆಂದು ನೀರು ತುಂಬಿಸಿದ್ದರೆ ಆ ಗಾಲಿ ಹಲವು ಮಂದಿ ಕೂಡಿ ಎತ್ತುವಷ್ಟು ಭಾರ. ಮಕ್ಕಳು ಅದರ ಮೇಲೆ ಹತ್ತಿ ಆಡುತ್ತವೆ. ಮಗುವಿನ ಮೇಲೆ ಬಿದ್ದರೆ ಹೇಳಲು ಮಾತೇ ಉಳಿಯುವುದಿಲ್ಲ. ನೀರನ್ನು ಖಾಲಿ ಮಾಡಿಸಿ, ಎರಡೂ ಬದಿಗೆ ಅಡ್ಡಗಲ್ಲು ಕೊಟ್ಟು, ಕಂಬಕ್ಕೆ ಸರಪಳಿಯಿಂದ ಬಿಗಿಯಿರಿ. ಇಲ್ಲವೆ ಹಲಗೆಯ ಮೇಲೆ ಮಲಗಿಸಿರಿ. ಪಂಜರದ ಗಾಲಿಯ ಕೆಲಸ ಮುಗಿದ ಮೇಲೆ ಅದರ ಕೆಸರು ತೊಳೆದು ಆಯಿಲ್ಲು ಸವರಿ ಇಡಿರಿ. ಕಬ್ಬಿಣಕ್ಕೆ ಆಯಿಲ್ಲು ಹಿತ, ರಬ್ಬರಿಗೆ ಅಹಿತ. ಎರಡನ್ನೂ ಬೇರೆ ಬೇರೆ ಇಡಿರಿ.

ತಾಯಂದಿರೇ, ಮುಂದಿನ ಮಾತು ನಿಮಗಾಗಿ. ಟಾಯರಿನ ಹೊಟ್ಟೆಯಲ್ಲಿ ಮಳೆಯ ನೀರು ನಿಂತರೆ ಅದು ಡೆಂಗೀ ಜ್ವರದ ಸೊಳ್ಳೆಗೆ ತೊಟ್ಟಿಲು. ಈ ಸೊಳ್ಳೆ ಗಟಾರದ ಕೊಳಚೆಗಿಂತ ತಿಳಿನೀರನ್ನೇ ಹೆಚ್ಚಾಗಿ ಮೆಚ್ಚುತ್ತದೆ, ಹಗಲು ಹೊತ್ತಿನಲ್ಲಿ ಕಡಿಯುತ್ತದೆ. ನೀರಿನ ಅಂಚಿಗೆ, ಟಾಯರಿನ ಒಳಗೋಡೆಗೆ ತತ್ತಿ ಅಂಟಿಸುತ್ತದೆ. ನೀರು ಒಣಗಿದರೂ ಆ ತತ್ತಿ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಕಿದಾಗ ಒಡೆಯುತ್ತದೆ. ತತ್ತಿಯಿಂದ ಹಾರುವ ಸೊಳ್ಳೆ ಆಗಲು ಎಂಟು ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಬೇಕು, ಚೆಲ್ಲಿದ ಮೇಲೆ ಒಳಗೆ ತಿಕ್ಕಬೇಕು. ಬರಿಯ ಬಗ್ಗಿಸಿದರೆ ಟಾಯರಿನ ನೀರು ಪೂರಾ ಹೋಗುವುದಿಲ್ಲ ಎಂಬುದನ್ನು ನೀವೇ ನೋಡಿರಬಹುದು. ತಗಡಿನ ಮಾಳಿಗೆ ಹಾರದಂತೆ ಹೇರಿದ ಹಳೆಯ ಟಾಯರು, ಮಕ್ಕಳ ಜೋಕಾಲಿಯ ಟಾಯರು ಇವಕ್ಕೆ ತಳದಲ್ಲಿ ಎರಡು ತೂತು ಕೊರೆಸಿರಿ. ಕರ್ನಾಟಕ ಸರಕಾರ 2024ರಲ್ಲಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಲು ಬಿಟ್ಟವರಿಗೆ ದಂಡದ ನಿಯಮವನ್ನೂ ಮಾಡಿತು. ದಂಡದ ಅಂಜಿಕೆಗಿಂತ ಮಕ್ಕಳ ಮೈ ಸುಡುವ ಅಂಜಿಕೆ ದೊಡ್ಡದು. ಕೆಲಸಕ್ಕೆ ಬಾರದ ಟಾಯರನ್ನು ಹೋಳಿಹುಣ್ಣಿಮೆಯ ಕಾಮನ ಬೆಂಕಿಗೆ ಹಾಕಬೇಡಿರಿ. ಆ ಹೊಗೆ ಎದೆಗೆ ವಿಷ. ಹಳೆಯ ಟಾಯರು ಕೊಳ್ಳುವವರಿಗೆ ಕೊಟ್ಟುಬಿಡಿರಿ.

ಇಷ್ಟೆಲ್ಲ ನೆನಪಿಡುವುದು ಹೇಗೆ? ಅಮಾವಾಸ್ಯೆಯ ದಿನ ನಾವು ಎತ್ತು ಹೂಡುವುದಿಲ್ಲ. ಆ ಬಿಡುವನ್ನೇ ಗಾಲಿಗೆ ಕೊಡಿರಿ. ಕಾರಹುಣ್ಣಿಮೆಗೆ ತೊಳೆದು ಕಲ್ಲಿನ ಮೇಲೆ ಏರಿಸಿರಿ. ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆ, ಬೆನಕನ ಅಮಾವಾಸ್ಯೆ, ಮಹಾಲಯ ಅಮಾವಾಸ್ಯೆ, ಈ ನಾಲ್ಕು ದಿನ ಗಾಳಿ ನೋಡಿ, ಗಾಲಿಯನ್ನು ತುಸು ತಿರುಗಿಸಿರಿ. ವಾರದ ನೀರು ಚೆಲ್ಲುವುದು ಬೇರೆ, ಅದನ್ನು ಮರೆಯಬೇಡಿರಿ. ಖಂಡೇಪೂಜೆಗೆ ಹೇಗೂ ಗಾಡಿ ತೊಳೆದು ಕುಂಕುಮ ಹಚ್ಚುತ್ತೀರಿ. ಪೂಜೆಗೆ ಮೊದಲು ಟಾಯರಿನ ಮೈಯನ್ನು ಹೆಬ್ಬೆರಳಿನಿಂದ ಒತ್ತಿ ಸುತ್ತಲೂ ನೋಡಿರಿ. ಮೇಲುಮೇಲಿನ ಸಣ್ಣ ಗೆರೆ ಇದ್ದರೆ ಎಚ್ಚರದಿಂದ ನಡೆಸಬಹುದು. ಬಿರುಕಿನೊಳಗೆ ನೂಲು ಕಂಡರೆ, ಇಲ್ಲವೆ ಮೈಮೇಲೆ ಗಡ್ಡೆಯಂತೆ ಉಬ್ಬಿದ್ದರೆ, ಅದಕ್ಕೆ ಹೇರು ಹಾಕಬಾರದು. ಹಳೆಯ ಟಾಯರು ಕೊಳ್ಳುವವರು ಮಗ್ಗುಲಿನ ನಾಲ್ಕು ಅಂಕಿ ನೋಡಿರಿ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ಮಾಡಿದ್ದು. ನಟ್ಟು ಬಿಗಿದು, ಗಾಳಿಯನ್ನು ಕಂಪನಿಯವರು ಹೇಳಿದಷ್ಟೇ ತುಂಬಿಸಿ, ಮೊದಲ ಸುತ್ತು ಖಾಲಿ ಗಾಡಿಯಲ್ಲೇ ಹೋಗಿಬನ್ನಿರಿ. ಹೇರು ಆಮೇಲೆ.

ನಮ್ಮ ಆ ಎತ್ತು ಮಂಡಿ ವಾಸಿಯಾಗಿ ಮುಂದೆಯೂ ದುಡಿಯಿತು. ಆದರೆ ಹಳ್ಳದ ಆ ಇಳಿಜಾರು ಬಂದಾಗಲೆಲ್ಲ ತಾನಾಗಿ ನಿಂತುಬಿಡುತ್ತಿತ್ತು. ಕೆಳಗಿಳಿದು ಬೆನ್ನು ಚಪ್ಪರಿಸಿ, ಹಗ್ಗ ಹಿಡಿದು ಮುಂದೆ ನಡೆದರೆ ಮಾತ್ರ ಹೆಜ್ಜೆ ಇಡುತ್ತಿತ್ತು. ಅಂದಿನಿಂದ ಪ್ರತಿ ಕಾರಹುಣ್ಣಿಮೆಗೆ ಗಾಡಿಯನ್ನು ಕಲ್ಲಿನ ಮೇಲೆ ಏರಿಸುವ ಕೆಲಸವನ್ನು ನಾನು ಯಾರಿಂದಲೂ ಹೇಳಿಸಿಕೊಂಡಿಲ್ಲ. ನಿಮ್ಮ ಅಂಗಳದ ಗಾಲಿಯನ್ನೂ ನಾಳೆ ಹೊತ್ತಾರೆ ಒಮ್ಮೆ ನೋಡಿಬನ್ನಿರಿ.