ಮಣ್ಣಿನ ಎತ್ತು, ದಂಟಿನ ಬಂಡಿ

(ಸಂಘದ ಬೆಳ್ಳಿ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಠೇವಣಿ, ಗೊಬ್ಬರ, ಲಾಭಾಂಶದ ಲೆಕ್ಕವನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಾವು ಮಕ್ಕಳ ಆಟದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. "ಸೊಸಾಯಿಟಿ ಕಾರ್ಯಕ್ರಮದಾಗ ಹುಡುಗೂರ ಆಟದ ಮಾತು ಯಾಕಪಾ?" ಎಂದು ಹಿರಿಯರು ಕೇಳಬಹುದು. ಕಡೆಗೆ ಒಂದು ಬೇಡಿಕೆ ಐತಿ, ಅದಕ್ಕಾಗಿ.

ಜೋಳದ ದಂಟಿನ ಬಂಡಿ ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ದಂಟಿನ ಸಿಬರು ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಆ ಸಿಬರಿನಿಂದಲೇ ಚುಚ್ಚಿ ಜೋಡಿಸಿದರೆ ಗಾಲಿ, ನೊಗ ಎಲ್ಲಾ ತಯಾರು. ಪೈಸೆ ಖರ್ಚಿಲ್ಲ. ಗಾಲಿ ಓರೆಯಾದರೆ ಬಂಡಿ ಒಂದೇ ಕಡೆ ಎಳೆಯುತ್ತದೆ. ಯಾಕೆ ಎಂದು ಹುಡುಗನೇ ಕೂತು ಹುಡುಕಬೇಕು, ಬಿಚ್ಚಬೇಕು, ಮತ್ತೆ ಕಟ್ಟಬೇಕು. ನಮ್ಮ ರಾಯಬಾಗ ತಾಲ್ಲೂಕಿನಲ್ಲಿ ಕಾಲುವೆ, ಬೋರಿನ ನೀರಿನಿಂದ ಕಬ್ಬು ಹೆಚ್ಚಾಯಿತು, ಜೋಳ ಕಡಿಮೆಯಾಯಿತು. ಕಬ್ಬಿನ ರೊಕ್ಕದಿಂದಲೇ ಮನೆ ಕಟ್ಟಿದ್ದೇವೆ, ಅದನ್ನು ಬೈಯುವುದಿಲ್ಲ. ಆದರೆ ದಂಟು ಹೋಯಿತು, ಅದರ ಹಿಂದೆ ಬಂಡಿಯೂ ಹೋಯಿತು. ಗೋವಿನಜೋಳದ ದಂಟಿನಲ್ಲೂ ಬೆಂಡು ಐತಿ, ಮಾಡಿ ತೋರಿಸುವವರು ಬೇಕು ಅಷ್ಟೆ.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ. ಆಮೇಲೆ ಆಷಾಢದ ಮಂಗಳವಾರ ಹೆಣ್ಣುಮಕ್ಕಳ ಗುಳ್ಳವ್ವ. ಗುಲಗಂಜಿ ಚುಚ್ಚಿ ಸಿಂಗರಿಸುವಾಗ ಆ ಹುಡುಗಿಯರ ಮುಖ ನೋಡಬೇಕು! ಈಗ ಸಂತೆಯಲ್ಲಿ ಬಣ್ಣ ಹಚ್ಚಿದ ಎತ್ತಿನ ಜೋಡಿ ಸಿಗುತ್ತದೆ. ತಂದು ಜಗಲಿ ಮೇಲಿಟ್ಟು ಪೂಜೆ ಮಾಡಿದರೆ ಹಬ್ಬ ಮುಗಿಯಿತು, ಮಕ್ಕಳ ಕೈಗೆ ಮಣ್ಣೇ ಹತ್ತಲಿಲ್ಲ. ಕೆಲವು ಹುಡುಗರು ಎತ್ತು ಬಿಟ್ಟು ಮಣ್ಣಿನ ಟ್ರ್ಯಾಕ್ಟರ್ ಮಾಡುತ್ತಾರೆ, ಹಿಂದೆ ಎರಡು ಟ್ರೇಲರ್ ಜೋಡಿಸಿ ಕಡ್ಡಿಯ ಕಬ್ಬು ಹೇರುತ್ತಾರೆ. ಹಿರಿಯರು ಸಿಟ್ಟಾಗುತ್ತಾರೆ. ನಮಗೇನೋ ಅದು ತಪ್ಪೆನಿಸುವುದಿಲ್ಲ. ಮನೆಯಲ್ಲಿ ಎತ್ತೇ ಇಲ್ಲದ ಹುಡುಗ ತಾನು ಕಂಡಿದ್ದನ್ನು ಮಾಡುತ್ತಾನೆ. ಮೊಬೈಲಿನಲ್ಲೂ ಟ್ರ್ಯಾಕ್ಟರಿನ ಆಟ ಇದೆ, ಆದರೆ ಅಲ್ಲಿ ಟ್ರ್ಯಾಕ್ಟರ್ ತಯಾರಾಗಿಯೇ ನಿಂತಿರುತ್ತದೆ. ಹುಡುಗ ಬೆರಳು ಒತ್ತಿದರೆ ಸಾಕು.

ನಮ್ಮ ಗೋದಾಮಿನ ಹಿಂದೆ ಹುಡುಗರು ಆಡುವ ಆಟ ಎಷ್ಟು ಜನ ನೋಡಿದ್ದೀರಿ? ಹುಣಸೆ ಬೀಜವೇ ರೊಕ್ಕ, ಎಲೆಯೇ ಶೇರು ಪಾವತಿ. ಒಬ್ಬಾಕಿ ಸೆಕ್ರೆಟರಿ ಆಗಿ, "ಹಿಂದಿನ ಬಾಕಿ ಕಟ್ಟೀಯೇನು? ಕಟ್ಟಿದ ಮ್ಯಾಲೆ ಬಾ" ಎನ್ನುತ್ತಾಳೆ. ನಮ್ಮ ಸೆಕ್ರೆಟರಿಯವರಿಗಿಂತ ಬಿಗಿ!

ಅರವಿಂದ ಗುಪ್ತಾ ಎಂಬವರು ಕಾನಪುರದ ಐ.ಐ.ಟಿ.ಯಲ್ಲಿ ಇಂಜಿನಿಯರಿಂಗ್ ಕಲಿತು, ಬಿಸಾಡಿದ ವಸ್ತುಗಳಿಂದ ಆಟಿಗೆ ಮಾಡುವುದನ್ನೇ ಜೀವನದ ಕೆಲಸ ಮಾಡಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಸಿಕ್ಕಿಸಿ ಅವರು ಆಕಾರ ಮಾಡಿಸುತ್ತಾರೆ. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ. ನಮ್ಮ ಗೋದಾಮಿನ ಪತ್ರಾಸಿನ ಕೆಳಗೆ ಕಬ್ಬಿಣದ ಪಟ್ಟಿಗಳನ್ನು ತ್ರಿಕೋನವಾಗಿ ಯಾಕೆ ಹಾಕಿದ್ದಾರೆ ಎಂಬುದು ಆಗ ಮಗುವಿಗೆ ತಾನೇ ತಿಳಿಯುತ್ತದೆ.

ಈಗ ಬೇಡಿಕೆ. ಗೋದಾಮಿನ ಹಿಂದಿನ ಜಾಗದಲ್ಲಿ ಮಳಿಗೆ ಕಟ್ಟಿಸಬೇಕೆಂಬ ವಿಚಾರ ಮಂಡಳಿಯ ಮುಂದಿದೆ. ಬಾಡಿಗೆ ಬರುತ್ತದೆ, ಖರೆ. ಸಂಘಕ್ಕೆ ಆದಾಯ ಬೇಕು, ಅದೂ ಖರೆ. ಆದರೆ ಊರ ನಡುವೆ ಮಕ್ಕಳಿಗೆ ಉಳಿದ ಬಯಲು ಅದೊಂದೇ. ರಸ್ತೆ ಕಡೆ ಮಳಿಗೆಯಾಗಲಿ, ಬೇವಿನ ಗಿಡದ ಕಡೆಯ ಮೂರು ಗುಂಟೆ ಬಿಡಿರಿ ಎಂದು ನಾವು ಕೇಳಿದ್ದೇವೆ. ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಿವೆ, ಮುಂದಿನ ಸಾಮಾನ್ಯ ಸಭೆಗೆ ವಿಷಯ ಬರುತ್ತದೆ. ಬರುವ ಮೊದಲು ಮನೆಯಲ್ಲಿ ಹೆಣ್ಣುಮಕ್ಕಳನ್ನೂ ಒಂದು ಮಾತು ಕೇಳಿ ಬರ್ರಿ. ಜಾಗ ಉಳಿದರೆ ಮಣ್ಣೆತ್ತಿನ ಅಮವಾಸ್ಯೆಗೆ ಎರಡು ಟ್ರೇಲರ್ ಎರಿಮಣ್ಣು ನಾವೇ ಹಾಕಿಸಿಕೊಡುತ್ತೇವೆ, ಅದಕ್ಕೆ ಸಂಘದ ರೊಕ್ಕ ಬೇಡ.